ಅರ್ಧಕ್ಕೆ ಬಿಟ್ಟ ಪುಡಿಯ ಡಬ್ಬಿ

ಧಾರವಾಡ
ಹದಿಮೂರನೆಯ ತಿಂಗಳು, ಒಂಬತ್ತನೆಯ ತಾರೀಖು, 2191

ದಾನೇಶ್ವರಿ ತಾಯಿಯವರಿಗೆ ಶಾಂಭವಿಯ ನಮಸ್ಕಾರಗಳು.

ನೀವು ಹೇಗಿದ್ದೀರಿ? ನಿಮ್ಮ ತಾಯಿ ಕಸ್ತೂರವ್ವನವರ ಮೊಣಕಾಲು ನೋವು ಕಡಿಮೆಯಾಯಿತೇ? ಹಾಸ್ಟೆಲ್ಲಿನಲ್ಲಿ ನಿಮ್ಮ ಕೋಣೆಯ ಗೆಳತಿ ಮೆಹಜಬೀನ್ ಕ್ಷೇಮವೇ? ಇವೆಲ್ಲ ನನಗೆ ನಮ್ಮವ್ವ ಹೇಳಿದ ಹೆಸರುಗಳು. ನೀವು ನನ್ನ ಮುತ್ತಜ್ಜಿಯ ತಾಯಿ. ಆದರೆ ಈ ಕಾಗದ ಮುಟ್ಟುವಾಗ ನಿಮಗೆ ಇಪ್ಪತ್ತು ವರ್ಷ, ನನಗೆ ಎಪ್ಪತ್ತೆಂಟು. ಕಾಲಿಗೆ ಬೀಳಲೋ, ತಲೆ ಸವರಲೋ ತಿಳಿಯದೆ ಎರಡನ್ನೂ ಮಾಡಿದ್ದೇನೆ ಎಂದುಕೊಳ್ಳಿ. ನಾನು ಶಾಲೆಗೆ ಹೋದವಳಲ್ಲ. ಅಡುಗೆಮನೆಯ ಡಬ್ಬಿಗಳ ಮೇಲಿನ ಚೀಟಿ ಓದಿ ಅಕ್ಷರ ಕಲಿತವಳು. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಯವರು ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅಪ್ಪಣೆ ಕೊಡುತ್ತಾರೆ. ನಾನು ಅದನ್ನು ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ವಿದ್ಯಾರ್ಥಿಗಳು ಸಿಕ್ಕಾಗ "ಊಟ ಆಯ್ತಾ?" ಎಂದು ಕೇಳುವುದಿಲ್ಲ, "ಭರ್ತಿ ಆಯ್ತಾ?" ಎನ್ನುತ್ತಾರೆ. ಭರ್ತಿ ಎಂದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಹಾಳೆ. ನಾಲಿಗೆಯ ಮೇಲಿಟ್ಟರೆ ಕರಗುತ್ತದೆ. ಊಟದಲ್ಲಿ ಇಲ್ಲದ್ದನ್ನು ಅದು ತುಂಬುತ್ತದಂತೆ. ವಿಶ್ವವಿದ್ಯಾಲಯದ ಬಾಗಿಲಲ್ಲಿ ಬೆಳಿಗ್ಗೆ ಎಲ್ಲರಿಗೂ ಒಂದು ಕೊಡುತ್ತಾರೆ. ಹಾಸ್ಟೆಲ್ಲಿನ ಮೊಗಸಾಲೆಯಲ್ಲಿ ಕೊರತೆಗನ್ನಡಿ ಇದೆ. ಎದುರು ನಿಂತು ಉಸಿರು ಬಿಟ್ಟರೆ ನಿನ್ನಲ್ಲಿ ಇಂಥದ್ದು ಕಡಿಮೆ ಎಂದು ಹೇಳಿ, ಕೆಳಗಿನ ಕಿಂಡಿಯಿಂದ ಇನ್ನೊಂದು ಹಾಳೆ ಕೊಡುತ್ತದೆ. ಆ ಕನ್ನಡಿಗೆ ಕಡಿಮೆಯನ್ನು ಹೇಳಲು ಮಾತ್ರ ಕಲಿಸಿದ್ದಾರೆ. ಹೆಚ್ಚಾಯಿತು ಎನ್ನಲು ಯಾರೂ ಕಲಿಸಿಲ್ಲ.

ನಮ್ಮಂಥ ಮುದುಕರಿಗೂ ವಾರಕ್ಕೆ ಏಳು ಹಾಳೆ ಬರುತ್ತವೆ. ಅವನ್ನು ತಾವು ತಿನ್ನದೆ ಉಳಿಸಿ, ಓದುವ ಮೊಮ್ಮಕ್ಕಳಿಗೆ ಕಳಿಸುವುದು ನಮ್ಮ ಕಾಲದ ರೂಢಿ. ನಿಮ್ಮ ಕಾಲದಲ್ಲಿ ಉಂಡೆ, ಚಕ್ಕುಲಿ ಕಳಿಸುತ್ತಿದ್ದರಲ್ಲ, ಹಾಗೆ. ನನ್ನ ಮೊಮ್ಮಗಳು ಮುಗಿಲಾ ಇಲ್ಲಿಯೇ ಹಾಸ್ಟೆಲ್ಲಿನಲ್ಲಿದ್ದು ಸಸ್ಯಶಾಸ್ತ್ರ ಓದುತ್ತಾಳೆ. ಮಡಿಸಿ ಒಣಗಿಸಿದ ಕಟಿ ರೊಟ್ಟಿಯ ಮಡಿಕೆಯಲ್ಲಿ ಒಂದೊಂದು ಹಾಳೆ ಇಟ್ಟು ಎಂಟು ತಿಂಗಳು ಕಳಿಸಿದೆ. ಕೂಸು ಸೊರಗಬಾರದು ಎಂಬುದೊಂದೇ ನನ್ನ ಆಸೆ. ಬಾಗಿಲಿನದು, ಕನ್ನಡಿಯದು, ನನ್ನದು, ಮೂರೂ ಬೇರೆ ಬೇರೆ ಹೆಸರಿನವು. ಒಳಗಿದ್ದದ್ದು ಹೆಚ್ಚುಕಡಿಮೆ ಒಂದೇ. ಚೀಟಿ ಓದಿ ಅಕ್ಷರ ಕಲಿತ ನಾನು ಆ ಮೂರು ಚೀಟಿಗಳನ್ನು ಒಟ್ಟಿಗೆ ಇಟ್ಟು ಓದಲಿಲ್ಲ.

ಹುಡುಗಿಯ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ "ಏನೇನ್ ತಗೋತಿದ್ದೀಯವ್ವಾ?" ಎಂದು ಕೇಳಿದರೆ, "ಔಷಧ ಏನೂ ಇಲ್ರೀ" ಎಂದಳಂತೆ. ಅವಳು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಭರ್ತಿಯನ್ನು ಯಾರೂ ಔಷಧ ಎನ್ನುವುದಿಲ್ಲ. ಅಜ್ಜಿ ಕಳಿಸಿದ್ದನ್ನಂತೂ ಭರ್ತಿ ಎಂದೂ ಲೆಕ್ಕ ಹಿಡಿಯುವುದಿಲ್ಲ. ಹತ್ತು ದಿನ ಅವಳಿಗೆ ಇಲ್ಲದ ರೋಗ ಹುಡುಕಿದರು. ಹನ್ನೊಂದನೆಯ ದಿನ ನಾನು ರೊಟ್ಟಿ ಗಂಟು ತೆಗೆದುಕೊಂಡು ಹೋದೆ. ಡಾಕ್ಟರಮ್ಮ ಮಡಿಕೆಯಿಂದ ಹಾಳೆ ಎಳೆದು, "ಇದನ್ನ ಯಾರು ಕಳಿಸೋರು?" ಎಂದರು. "ನಾನೇರೀ, ವಾರಾ ವಾರಾ ತಪ್ಪಿಸಿಲ್ಲ" ಎಂದೆ, ಬಲು ಹೆಮ್ಮೆಯಿಂದ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮೂರು ಕಡೆಯ ಭರ್ತಿ ಸೇರಿ ಕೆಟ್ಟಿದ್ದ ಯಕೃತ್ತು ಈಗ ಸುಧಾರಿಸುತ್ತಿದೆ. ಇನ್ನೊಮ್ಮೆ ಕೆಟ್ಟರೆ ಸುಧಾರಿಸಲಿಕ್ಕಿಲ್ಲ, ಎಲ್ಲ ಹಾಳೆ ಬಿಡಬೇಕು ಎಂದಿದ್ದಾರೆ. ಆದರೆ ಇಪ್ಪತ್ತು ದಿನಕ್ಕೆ ಪರೀಕ್ಷೆ. "ಎಲ್ಲಾರೂ ತಗೊಂಡು ಓದ್ತಾರ, ನಾ ಒಬ್ಬಾಕಿ ಹೆಂಗ ಬಿಡ್ಲಿ ಅಜ್ಜಿ?" ಎನ್ನುತ್ತಾಳೆ. ಬಿಡು ಎನ್ನಲು ನನಗೆ ಬಾಯಿಲ್ಲ. ಕೊಟ್ಟ ಕೈ ನನ್ನದೇ.

ಅದಕ್ಕೇ ನಿಮ್ಮ ನೆನಪಾಯಿತು. ನೀವು ಎಂ.ಎಸ್ಸಿ. ಓದುವಾಗ ಶಕ್ತಿ ಬರಲೆಂದು ಹಾಲಿನಲ್ಲಿ ಕಲಸಿ ಕುಡಿಯುತ್ತಿದ್ದ ಪುಡಿಯ ಡಬ್ಬಿ ನಮ್ಮ ಮನೆಯಲ್ಲಿದೆ. ನಿಮ್ಮ ಕಾಲದ ಪ್ಲಾಸ್ಟಿಕ್ಕಿಗೆ ಸಾವಿಲ್ಲ. ತಾಯಿಯಿಂದ ಮಗಳಿಗೆ ಬಂದ ಡಬ್ಬಿ ಎಂದು ಯಾರೂ ಅದರ ಮುಚ್ಚಳ ತೆಗೆದಿಲ್ಲ. ಅಲುಗಿಸಿದರೆ ಗಟ್ಟಿಯಾದ ಪುಡಿ ಗುಡುಗುಡು ಉರುಳುತ್ತದೆ. ತೂಗಿ ನೋಡಿದರೆ ಅರ್ಧ ಹಾಗೇ ಇದೆ. ನೀವು ಅರ್ಧಕ್ಕೆ ಬಿಟ್ಟಿರಿ, ಆಮೇಲೂ ಓದಿ ಪಾಸಾದಿರಿ, ತೊಂಬತ್ತೊಂದು ವರ್ಷ ಬಾಳಿದಿರಿ ಎಂದು ನಮ್ಮವ್ವ ಹೇಳುತ್ತಿದ್ದಳು. ಯಾಕೆ ಬಿಟ್ಟಿರಿ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಯಾರಾದರೂ ಬುದ್ಧಿ ಹೇಳಿದರೇ? ಮೆಹಜಬೀನಳೇ? ಏನೆಂದು ಹೇಳಿದಳು? ನನಗೆ ಆ ಮಾತು ಬೇಕು, ತಾಯಿ. ನನ್ನ ಮಾತು ನಡೆಯುವುದಿಲ್ಲ, ನಿಮ್ಮದು ನಡೆದೀತು.

ಉತ್ತರವನ್ನು ಅಂಚೆಗೆ ಹಾಕಬೇಡಿ, ನಿಮ್ಮ ಕಾಲದ ಅಂಚೆ ಇಲ್ಲಿಗೆ ಬರುವುದಿಲ್ಲ. ಆ ಡಬ್ಬಿಯ ಮುಚ್ಚಳದ ಒಳಮೈಗೆ ಮೊಳೆಯಿಂದ ಒತ್ತಿ ಬರೆಯಿರಿ. ಪುಡಿ ಬಿಡುವ ದಿನ ನಿಮಗಿನ್ನೂ ಬಂದಿರದಿದ್ದರೆ, ಬಂದ ದಿನವೇ ಬರೆಯಿರಿ. ನಾಳೆ ಬೆಳಿಗ್ಗೆ ಮುಗಿಲಾ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಬಿಸಿ ಅನ್ನ, ಬೇಳೆ ಕಟ್ಟಿನ ಸಾರು ಮಾಡಿಟ್ಟು, ಅವಳ ಕೈಯಿಂದಲೇ ಆ ಮುಚ್ಚಳ ತೆಗೆಸುತ್ತೇನೆ. ಬೇಗ ಬರೆಯಿರಿ.

ನಿಮ್ಮವಳೇ ಆದ
ಶಾಂಭವಿ