ಸ್ಟೇಷನ್ನಿನಲ್ಲಿ ಕಳ್ಳಿ

ಶಿವಪುರ, ಮದ್ದೂರು
24-8-2024

ಮಗಳೇ ದೀಪಿಕ,

ಎಲ್ಲಿದ್ದರೂ ತಣ್ಣಗಿರು ತಾಯಿ. ಫೋನ್ ಇರುವಾಗ ಅವ್ವ ಕಾಗದ ಯಾಕೆ ಬರೆದಳು ಅಂತ ನಗಬೇಡ. ಗುರುವಾರ ಆ ಫೋನ್ ಮಾಡಿದ ಅವಾಂತರವೇ ಸಾಕು.

ಅವತ್ತು ಮಳವಳ್ಳಿಯವರು ಮನೆಗೆ ಬಂದಿದ್ದರು. ಓದು ಮುಗಿಯುವವರೆಗೂ ಮದುವೆ ಮಾತು ಬೇಡ ಅಂತ ನೀನು ಹೇಳಿದ್ದೆ. ಆದರೂ ಹುಡುಗ ಶಶಿಧರ್ ಒಳ್ಳೆಯ ಕೆಲಸದಲ್ಲಿದ್ದಾನೆ ಅಂತ ನಿನ್ನಪ್ಪನೂ ನಾನೂ ಒಪ್ಪಿಬಿಟ್ಟಿದ್ದೆವು. ದಿನ ಗೊತ್ತುಮಾಡಬೇಕು ಅನ್ನುವಷ್ಟರಲ್ಲಿ ರಾಜಸ್ಥಾನದಿಂದ ನಿನ್ನ ಫೋನ್ ಬಂತು. ಬೀಗಿತ್ತಿಯಾಗುವವರು ಸೊಸೆಯ ದನಿ ಕೇಳಲಿ ಅಂತ ನಾನೇ ಸ್ಪೀಕರ್ ಹಾಕಿದೆ.

"ಅವ್ವಾ, ಸ್ಟೇಷನ್ನಲ್ಲಿವ್ನಿ ಕಣವ್ವ. ಕಳ್ಳಿ... ಇನ್ನೊಂದ್ ವಾರ ಬುಡಾಕಿಲ್ಲ," ಅಂದೆ. ನಿನ್ನ ಮಾತು ನಡುನಡುವೆ ಹರಿದು, ಲೈನ್ ಕಟ್ಟಾಯಿತು.

ಕಳ್ಳಿ ಅಂತ ನಿನ್ನನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಕೂರಿಸಿದ್ದಾರೆ ಅಂತಲೇ ನಾವೆಲ್ಲ ತಿಳಿದೆವು. ನೀನು ಇನ್ನೊಬ್ಬರ ವಸ್ತು ಮುಟ್ಟುವವಳಲ್ಲ, ಆದರೆ ರಾಜಸ್ಥಾನದ ಪೊಲೀಸರಿಗೆ ಅದು ಹೇಗೆ ಗೊತ್ತಾಗಬೇಕು? ನಿನ್ನಪ್ಪ ಚೀಲಕ್ಕೆ ಪಂಚೆ ತುರುಕಿಕೊಂಡು ರೈಲು ವಿಚಾರಿಸಲು ಮಂಡ್ಯಕ್ಕೆ ಓಡಿದರು. ಮಳವಳ್ಳಿಯವರು ಅರ್ಧ ಕುಡಿದ ಕಾಫಿ ಬಿಟ್ಟು ಎದ್ದರು. ಹುಡುಗಿ ಹೇಗಿದ್ದಾಳೋ ಅಂತ ಒಬ್ಬರೂ ಕೇಳಲಿಲ್ಲ. ಶಶಿಧರನ ತಾಯಿ ಹೊಸ್ತಿಲಲ್ಲಿ ನಿಂತು, "ಸದ್ಯ, ಮದ್ವೆಗ್ ಮುಂಚೆನೇ ಗೊತ್ತಾಯ್ತು ಕಣಮ್ಮ," ಅಂದು ಹೋದರು.

ಸಂಜೆ ನಿನ್ನ ಫೋಟೋ ಬಂದ ಮೇಲೇ ನನಗೆ ಉಸಿರು ಬಂದದ್ದು. ಮರಳಿನ ಮೇಲೆ ಬೋರಲು ಮಲಗಿದ್ದೀಯ, ಮುಂದೆ ಮೂಗುಬೊಟ್ಟಿನಷ್ಟು ಹೂಗಳ ಒಂದು ಗಿಡ. ಮಳೆ ಬಿದ್ದು ಮರುಭೂಮಿಯ ಕಳ್ಳಿ ಹೂ ಬಿಟ್ಟಿದೆ, ಅದು ಇರುವವರೆಗೂ ಸಂಶೋಧನೆಯ ಸ್ಟೇಷನ್ ಬಿಟ್ಟು ಬರುವ ಹಾಗಿಲ್ಲ ಅಂತ ಕೆಳಗೆ ಬರೆದಿದ್ದೆ. ನಮ್ಮ ಬೇಲಿಯ ಕಳ್ಳಿ ಬಿಟ್ಟರೆ ನಾನು ಬೇರೆ ಕಂಡವಳೇ? ದೇವರ ಮುಂದೆ ಕೂತು ಅತ್ತೆ, ಆಮೇಲೆ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಟಿಕೆಟ್ಟಿಗೆ ಸಾಲಿನಲ್ಲಿ ನಿಂತಿದ್ದ ನಿನ್ನಪ್ಪನನ್ನು ಮಂಡ್ಯ ಸ್ಟೇಷನ್ನಿನಿಂದ ವಾಪಸ್ ಕರೆಸಿದೆ.

ಎಷ್ಟು ಹಗುರವಾಗಿದ್ದೇನೆ ಅಂದರೆ, ನಿನ್ನೆಯಿಂದ ಯಾರ ಮೇಲೂ ರೇಗಿಲ್ಲ. ನಿನ್ನಪ್ಪ ಅದಕ್ಕೇ ಗಾಬರಿಯಾಗಿದ್ದಾರೆ.

ಆ ಗಿಡದ ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡ. ಯಾವ ಊರಿನದಾದರೂ ಕಳ್ಳಿಹಾಲು ಕಳ್ಳಿಹಾಲೇ. ಹೊತ್ತು ಹೊತ್ತಿಗೆ ಉಣ್ಣು. ಹೂವೆಲ್ಲ ಉದುರಿದ ಮೇಲೆ ನಿಧಾನವಾಗಿ ಬಾ.

ನಿನ್ನ ಅವ್ವ,
ಮಾಯಮ್ಮ

ತಾ.ಕ.: ಅದು ಗಿಡದ ಹೆಸರು ಅಂತ ಮಳವಳ್ಳಿಯವರಿಗೆ ಇನ್ನೂ ಗೊತ್ತಿಲ್ಲ. ನಿನ್ನಪ್ಪ ಫೋನ್ ಮಾಡಿ ಹೇಳಲು ಹೊರಟಿದ್ದರು, ನಾನೇ ಬೇಡ ಅಂದೆ. ನೀನು ಓದು ಮುಗಿಸು.