ಒಂದು ದಿನದ ಲಿಂಕ್

ಫೆಬ್ರವರಿ 6, ಗುರುವಾರ

ಅದೇ ಎಂಟರ ಬಸ್ಸು, ಅಮೃತಾಪುರದಿಂದ ತರೀಕೆರೆ. ಫೋಟೊ ಸ್ಟುಡಿಯೊ ಬಾಗಿಲು ತೆಗೆದು ಮತ್ತೆ ಕಂಪ್ಯೂಟರಿನಲ್ಲಿ ಕೋಡ್ ಹಿಡಿದೆ. ಮದುವೆ ವಿಡಿಯೊ ನೋಡಲು ಮನೆಯವರಿಗೆ ಕಳಿಸುವ ಲಿಂಕ್ — ಗಡುವು ಮುಗಿದರೆ ತಾನೇ ಮುಚ್ಚಬೇಕು. ಕಡೂರಿನಲ್ಲಿ ಟ್ಯೂಷನ್ ನಡೆಸುವ ಸಿದ್ದಲಿಂಗೇಶಣ್ಣ ತಮ್ಮ ಪಾಠದ ವಿಡಿಯೊಗೆ ಇಟ್ಟುಕೊಂಡಿದ್ದ ಕೋಡನ್ನೇ ನಮಗೂ ಕೊಟ್ಟರು. ಓಡುತ್ತಿದೆ, ಒಂದು ಸಾಲೂ ಮುಟ್ಟಬೇಡ ಅಂದಿದ್ದರು. ಆದರೆ ಗಡುವಿನ ಒಂದೇ ಲೆಕ್ಕ ನಾಲ್ಕು ಕಡೆ… ಎಲ್ಲ ಒಂದು ಕಡೆ ತಂದೆ. ಚೊಕ್ಕಟವಾಯಿತು.

ಏಳನೇ ಕ್ಲಾಸಿಗೇ ಶಾಲೆ ಏಕೆ ಬಿಟ್ಟೆ ಅಂತ ಕೋಡ್ ಕೇಳುವುದಿಲ್ಲ. ಬಾಯಿ ಬಿಡು ಅಂತಲೂ ಅನ್ನುವುದಿಲ್ಲ.

ಫೆಬ್ರವರಿ 9, ಭಾನುವಾರ

ಅಜ್ಜಂಪುರದಲ್ಲಿ ಮೆಹನಾಜ್ ಮದುವೆ. ಗಂಡಸರ ಕಡೆ ಓನರ್ ಗುರುಮೂರ್ತಿ ಸರ್, ಹೆಂಗಸರ ಕಡೆ ನಾನು. ಮದುಮಗಳ ತಾಯಿ ಅಖ್ತರ್ ಬೇಗಂ ಮೊದಲು ಬೇಡವೆಂದರು. ಒಳಗೆ ಎಲ್ಲರೂ ದುಪಟ್ಟಾ ತೆಗೆದಿಟ್ಟು ಕುಣಿಯುತ್ತಾರೆ, ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ನಾನೇ ಎಡಿಟ್ ಮಾಡುತ್ತೇನೆ, ಲಿಂಕ್ ಒಂದೇ ದಿನ — ಅಷ್ಟು ಹೇಳುವುದರಲ್ಲಿ ಬೆವತುಹೋದೆ.

"ಈ ಹುಡುಗೀಗೆ ಮಾತೇ ಬರಲ್ಲ, ಇನ್ನು ಗುಟ್ಟೆಲ್ಲಿ ಬಿಡ್ತಾಳೆ" ಅಂತ ಮೆಹನಾಜ್ ನಕ್ಕಳು.

"ನಿನ್ ಮಾತಿನ್ ಮೇಲೆ ಬಿಡ್ತೀನಿ ಕಣಮ್ಮ" ಅಂದರು ಅಖ್ತರ್ ಬೇಗಂ.

ಫೆಬ್ರವರಿ 12, ಬುಧವಾರ

ಒಂದು ದಿನದ ಗಡುವು ಹಾಕಿ ಮೆಹನಾಜ್ ಮನೆಗೆ ಲಿಂಕ್ ಕಳಿಸಿದೆ. ಒತ್ತಿ ನೋಡಿದೆ. ತೆರೆಯಿತು.

ಫೆಬ್ರವರಿ 17, ಸೋಮವಾರ, ಬೆಳಿಗ್ಗೆ 11

ಮೆಹನಾಜ್ ಫೋನು. "ಒಂದೇ ದಿನ ಅಂದಿದ್ದೆ. ಐದ್ ದಿನ ಆಯ್ತು, ಇನ್ನೂ ತೆಗೀತಾ ಐತಲ್ಲೇ." ಗಂಡನ ಮನೆಯವರು ಯಾರೋ ಫಾರ್ವರ್ಡ್ ಮಾಡಿದ್ದಾರಂತೆ. ಯಾರಿಗೆ — ಗೊತ್ತಿಲ್ಲ.

ಕೋಡ್ ತೆಗೆದೆ. ಅಲ್ಲಿ ಇದ್ದದ್ದು ಸೆಕೆಂಡಿನ ಲೆಕ್ಕ. ಚೊಕ್ಕಟ ಮಾಡುವಾಗ ನಾನು ತುಂಬಿದ್ದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಕೋಡ್ ಅದನ್ನೂ ಸೆಕೆಂಡೆಂದೇ ಎಣಿಸಿದೆ. ಒಂದು ದಿನ ಸಾವಿರ ದಿನವಾಗಿದೆ. ತೆರೆಯುತ್ತದೆಯೇ ಎಂದು ನೋಡಿದ್ದೆ. ಮುಚ್ಚುತ್ತದೆಯೇ ಎಂದು ಕಾದು ನೋಡಲಿಲ್ಲ.

11.40

ವಿಡಿಯೊ ಅಳಿಸಲು ಓಟಿಪಿ ಸರ್ ಫೋನಿಗೆ ಹೋಗುತ್ತದೆ. ಸರ್ ಹೆಬ್ಬೆ ಜಲಪಾತದ ಕಾಡಿನಲ್ಲಿ, ಶೂಟಿಂಗ್. ನಾಟ್ ರೀಚಬಲ್. ಆರು ಸಲ ಮಾಡಿದೆ.

ಕಳಿಸಿಯಾದ ಲಿಂಕಿನೊಳಗೇ ಗಡುವು ಕೂತಿದೆ, ಈಗ ಕೋಡ್ ತಿದ್ದಿದರೂ ಅದು ಬದಲಾಗದು. ಉಳಿದದ್ದು ಒಂದೇ. ಎಲ್ಲ ಲಿಂಕಿಗೂ ಸಹಿ ಹಾಕುವ ಒಂದೇ ಗುಟ್ಟಿನ ಪದ, ಸೀಕ್ರೆಟ್ ಕೀ, ಅದನ್ನು ಬದಲಿಸುವುದು. ಆಗ ಎಲ್ಲರ ಲಿಂಕೂ ನಿಂತುಹೋಗುತ್ತದೆ. ಇಪ್ಪತ್ತಾರು ಮನೆ. ಎಲ್ಲರೂ ಫೋನು ಮಾಡುತ್ತಾರೆ, ನಾನು ಉತ್ತರ ಕೊಡಬೇಕು…

ಬದಲಿಸಿದೆ.

12.15

ಲಿಂಕ್ ಮುಚ್ಚಿಕೊಂಡಿತು. ಮೊದಲ ಫೋನು ಸಿಂಗಟಗೆರೆಯ ಕರಿಸಿದ್ದಪ್ಪನವರದು. "ಏನಮ್ಮಾ, ನಮ್ ಹುಡುಗನ್ ಮದುವೆ ಎಲ್ಲೋಯ್ತು?" ಬೇರೆ ದಿನವಾದರೆ ನಗು ಬರುತ್ತಿತ್ತು.

ಸಂಜೆ 5, ಅಜ್ಜಂಪುರ ಬಸ್ ಸ್ಟ್ಯಾಂಡ್

ಫೋನಿನಲ್ಲಿ ಹೇಳಲಾರದೆ ಅವರ ಮನೆಗೇ ಹೋದೆ. ತಪ್ಪು ನನ್ನದು ಎಂದೆ. ಅಖ್ತರ್ ಬೇಗಂ ಬೈಯಲಿಲ್ಲ. ಎಷ್ಟು ಫೋನಿನಲ್ಲಿ ನೋಡಿದ್ದಾರೆಂದು ತಿಳಿಯುತ್ತದೆಯೇ ಎಂದಷ್ಟೇ ಕೇಳಿದರು. ಹನ್ನೊಂದು ಎಂದೆ. ಬೆರಳು ಮಡಿಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ನಮ್ಮೋರು ಅಂದ್ರೆ ಆರೇ ಜನ ಕಣಮ್ಮ."

ಉಳಿದ ಐದರಲ್ಲಿ ಎರಡು ಫೋನಿಗೆ ವಿಡಿಯೊ ಡೌನ್‌ಲೋಡ್ ಆಗಿದೆ; ಲಿಂಕ್ ಮುಚ್ಚಿದರೂ ಅದು ಅಲ್ಲೇ ಇರುತ್ತದೆ. ಯಾವ ಫೋನು ಯಾವಾಗ ತೆರೆಯಿತೆಂದು ಬರೆದಿಡುವ ಲಾಗ್‌ನಲ್ಲಿ ಅದೂ ಇದೆ. ಅದನ್ನು ಹೇಳದೆ ಎದ್ದು ಬಂದೆ.

ಬಸ್ಸು ಬಂತು. ಹತ್ತಲಿಲ್ಲ. ಮತ್ತೆ ಅವರ ಮನೆಗೇ —