ಧೂಪ ಬಂದ ಮೇಲೆ

ಮನಾಂಗ್ ಪೆರ್ಲಿಟಾ ಅವರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನಿಮ್ಮಂಥವರು ಎಲ್ಲಿದ್ದರೂ ಕ್ಷೇಮವಾಗಿಯೇ ಇರುತ್ತಾರೆ. ನಿನ್ನೆಯವರೆಗೆ ‘ನೀನು’ ಎನ್ನುತ್ತಿದ್ದವಳು ಇವತ್ತು ‘ನೀವು’ ಎನ್ನುತ್ತಿದ್ದೇನೆ, ಗೌರವ ಹೆಚ್ಚಿತೆಂದು ಹಿಗ್ಗಬೇಡಿ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಗುರುತಿಲ್ಲದವರಿಗೂ ‘ನೀವು’ ಎಂದೇ ಅನ್ನುವುದು. ಅಕ್ಕ ಎಂಬ ಅರ್ಥದ ‘ಮನಾಂಗ್’ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಓದುವಾಗ ಅದಾದರೂ ನಿಮಗೆ ಚುಚ್ಚಲಿ ಎಂದು.

ಮೇಲಿನ ಮನೆಯ ಬೀಬಿ ಗನೀಮಾ ತೀರಿಕೊಂಡರು. ನೀವು ನಮ್ಮ ದೇಶಕ್ಕೆ ಹೋಗಿ ಇಲೋಯಿಲೋದಲ್ಲಿ ರಜೆ ಕಳೆಯುತ್ತ, ಸಮುದ್ರದ ದಂಡೆಯಲ್ಲಿ ಸುಟ್ಟ ಮೀನು ತಿನ್ನುವ ಫೋಟೋಗಳನ್ನು ನಮಗೆಲ್ಲ ಕಳಿಸುತ್ತಿದ್ದ ವಾರದಲ್ಲೇ. ನಾನು ನಿಮಗೆ ತಿಳಿಸಲಿಲ್ಲ. ತಿಳಿಸಿದ್ದರೆ ಫೋನಿನಲ್ಲಿ ಅಳುವ ಮುಖದ ನಾಲ್ಕು ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತಿದ್ದಿರಿ. ಅಷ್ಟು ಸುಲಭಕ್ಕೆ ನಿಮ್ಮನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ನಿಮ್ಮಿಂದ ಆದ ಉಪಕಾರವನ್ನು ಮೊದಲೇ ಹೇಳಿಬಿಡುತ್ತೇನೆ, ಉಂಡದ್ದನ್ನು ಇಲ್ಲ ಎನ್ನುವ ಜಾತಿ ನನ್ನದಲ್ಲ. ಮಸ್ಕತ್ತಿನ ಬಸ್ಸು ನನ್ನನ್ನು ಇಬ್ರಾದಲ್ಲಿ ಇಳಿಸಿದಾಗ ಆ ಸುಡುವ ಬಿಸಿಲಲ್ಲಿ ಕೊಡೆ ಹಿಡಿದು, ತಣ್ಣಗಿನ ನೀರು ತಂದು ನಿಂತಿದ್ದವರು ನೀವೇ. ಕೆಳಗಿನ ಮನೆಯಲ್ಲಿ ನನಗೊಂದು ಮಂಚ ಕೊಟ್ಟಿರಿ, ಶಾಲೆಯ ಪುಟಾಣಿ ತರಗತಿಯಲ್ಲಿ ಯಾವ ತಾಯಿಯ ಜೊತೆ ಹೇಗೆ ಮಾತಾಡಬೇಕು ಎಂದು ಹೇಳಿಕೊಟ್ಟಿರಿ. ಒಣಮೀನು ಹುರಿಯುವಾಗ ಯಾವ ಕಿಟಕಿ ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎನ್ನುವುದನ್ನೂ ನಿಮ್ಮಿಂದಲೇ ಕಲಿತೆ. ಹನ್ನೆರಡು ವರ್ಷದಿಂದ ಇಲ್ಲಿ ಬೇರುಬಿಟ್ಟವರು ನೀವು. ನೀವು ಹೇಳಿದ್ದೇ ವೇದ ಎಂದು ನಂಬಿದೆ. ಬೇರೆ ಯಾರನ್ನು ನಂಬಬೇಕಿತ್ತು, ಹೇಳಿ?

ಮನೆಯೊಡತಿ ಝುವೈನಾ ಒಂದು ಶುಕ್ರವಾರ ಸಂಜೆ ಮೇಲಿನಿಂದ ಇಳಿದು ಬಂದು, “ಅಮ್ಮ ಹೊಸ ಟೀಚರನ್ನ ನೋಡಬೇಕಂತೆ, ಕಾಫಿಗೆ ಬರಬೇಕಂತೆ” ಎಂದಳು. ನಾನು ಹೆದರಿ ನಿಮ್ಮ ಕೋಣೆಗೆ ಓಡಿ ಬಂದೆ. ನೀವು ಹಾಸಿಗೆಯ ಮೇಲೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಿರಿ. “ಖರ್ಜೂರ ಕೊಡ್ತಾರೆ, ಕಾಫಿ ಕೊಡ್ತಾರೆ, ಹಲ್ವ ಕೊಡ್ತಾರೆ. ಅದೆಲ್ಲ ಬರೀ ಶುರು ಕಣೇ ಆರ್ಲೀನ್. ಆಮೇಲೆ ಲೋಬಾನದ ಧೂಪ ತರ್ತಾರೆ ನೋಡು, ಆಗ ನಿಜವಾದ ಮರ್ಯಾದೆ ಶುರು ಅಂತ ಲೆಕ್ಕ. ಧೂಪ ಬಂದ ತಕ್ಷಣ ಎದ್ದೆಯೋ, ಅವರ ಮುಖಕ್ಕೆ ಹೊಡೆದ ಹಾಗೆ. ಕಾಲು ಚಾಚಿ ಆರಾಮಾಗಿ ಕೂತ್ಕೋ” ಎಂದಿರಿ. ಬಾಗಿಲ ಹತ್ತಿರ ನಿಂತಿದ್ದ ನಮ್ಮ ಜೊತೆವಾಸಿ ಲೋರ್ನಾ ಯಾಕೋ ಕೆಮ್ಮಿದಳು. ಪಾಪ, ನೆಗಡಿಯೇನೋ ಎಂದುಕೊಂಡೆ. ಎಂಥ ಮೂಢೆ ನಾನು!

ಧೂಪ ಬಂತು. ಅದನ್ನು ಬಟ್ಟೆಗೆ, ಕೂದಲಿಗೆ ಹಿಡಿದುಕೊಂಡು ಉಳಿದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದರು. ನಾನು ಮಾತ್ರ ನೀವು ಹೇಳಿದಂತೆ ಗೋಡೆಗೊರಗಿ ಕುಳಿತೆ. ಝುವೈನಾ ತಾಯಿಯ ಮುಖ ನೋಡಿದಳು. ಬೀಬಿ ನನ್ನ ಮುಖ ನೋಡಿದರು. ಆಮೇಲೆ ಮುದುಕಿ ತಲೆವಸ್ತ್ರದ ಅಂಚು ಬಾಯಿಗಿಟ್ಟು ನಕ್ಕರು ನೋಡಿ, ಭುಜ ಕುಣಿಯುವ ಹಾಗೆ. ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದರು. ಅಲ್ಲಿ ಮೂಲೆಯಲ್ಲಿ ಕಾಯಿ ತುರಿಯುವ ಮಣೆ ಇತ್ತು! ನಮ್ಮಜ್ಜಿಯ ಮನೆಯಲ್ಲಿ ಇದ್ದಂಥದ್ದೇ, ಹಲ್ಲಿನ ಕಬ್ಬಿಣ ಮುಂದಕ್ಕೆ ಚಾಚಿದ ಕುಳ್ಳ ಮಣೆ. ಬೀಬಿ ಹುಟ್ಟಿ ಬೆಳೆದದ್ದು ಝಾಂಜಿಬಾರಿನಲ್ಲಿ, ತೆಂಗಿನಕಾಯಿ ಇಲ್ಲದ ಅಡುಗೆ ಅವರಿಗೆ ಅಡುಗೆಯೇ ಅಲ್ಲ. ನಾನು ಕೇಳದೆ ಮಣೆಯ ಮೇಲೆ ಕೂತು ಒಂದು ಹೋಳು ತುರಿದು ತೋರಿಸಿದೆ. ಅವರು ಇನ್ನೊಂದು ಹೋಳು ಒಡ್ಡಿದರು. ನನ್ನ ಹರಕು ಅರಬ್ಬಿಯೂ ಅವರ ಅರ್ಧ ಸ್ವಾಹಿಲಿಯೂ ಆ ಮಣೆಯ ಮೇಲೆ ಚೆನ್ನಾಗಿ ಹೊಂದಿಕೊಂಡವು.

ಕೆಳಗೆ ಬಂದು ಎಲ್ಲ ಹೇಳಿದೆ. ನೀವು ನಕ್ಕಿರಿ, ಲೋರ್ನಾ ನಕ್ಕಳು, ನನ್ನ ಸಂತೋಷಕ್ಕೇ ನಗುತ್ತಿದ್ದೀರಿ ಎಂದು ನಾನೂ ನಕ್ಕೆ. ಆದರೆ ಮುಂದಿನ ಶುಕ್ರವಾರವೂ ಕರೆ ಬಂತು. ಅದರ ಮುಂದಿನದಕ್ಕೂ. ಪ್ರತಿ ಸಲ ಧೂಪ ಬಂದ ಮೇಲೂ ನಾನು ಉಳಿಯುತ್ತಿದ್ದೆ, ಕಾಯಿ ತುರಿಯುತ್ತಿದ್ದೆ, ಬೀಬಿ ಮೀನಿಗೆ ಕಾಯಿಹಾಲು ಹಿಂಡುತ್ತಿದ್ದರು. ಅಮ್ಮನನ್ನು ಬಿಟ್ಟು ಬಂದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವರು ಅವರೊಬ್ಬರೇ. ನಾನು ಮೆಟ್ಟಿಲಿಳಿದು ಬರುವಾಗ ನಿಮ್ಮ ನಗು ದಿನೇ ದಿನೇ ಸಣ್ಣದಾಗುತ್ತಿದ್ದುದು ನನಗೆ ಆಗ ಕಾಣಲಿಲ್ಲ, ಈಗ ಚೆನ್ನಾಗಿ ಕಾಣುತ್ತಿದೆ.

ಆಮೇಲೊಂದು ಶುಕ್ರವಾರ ಕರೆ ಬರಲಿಲ್ಲ. ಮತ್ತೆ ಬರಲೇ ಇಲ್ಲ. ಝುವೈನಾ ಮೆಟ್ಟಿಲಲ್ಲಿ ಸಿಕ್ಕರೆ ಸಲಾಂ ಎಂದು ತಲೆ ತಗ್ಗಿಸಿ ಹೋಗುತ್ತಿದ್ದಳು. ಬುಧವಾರದ ಹೆಂಗಸರ ಸಂತೆಯಲ್ಲಿ ಬೀಬಿ ಕಂಡರು, ಓಡಿ ಹೋದೆ. ಅವರು ನನ್ನ ಕೈ ಒಮ್ಮೆ ಮುಟ್ಟಿ, ಮುಖ ಆಚೆ ತಿರುಗಿಸಿ, ಬಟ್ಟೆ ಅಂಗಡಿಯೊಳಗೆ ಸರಿದುಬಿಟ್ಟರು. ಅವತ್ತು ರಾಗಿ ಕಾಳಿನಷ್ಟು ಚಿಕ್ಕವಳಾಗಿ ಮನೆಗೆ ಬಂದೆ. ನಾನೇನು ತಪ್ಪು ಮಾಡಿದೆ ಎಂದು ನಿಮ್ಮ ಮಡಿಲಲ್ಲೇ ಅತ್ತೆನಲ್ಲ ಮನಾಂಗ್, ನಿಮ್ಮ ಮಡಿಲಲ್ಲೇ! ನೀವು ನನ್ನ ಬೆನ್ನು ಸವರುತ್ತ, “ಇವರು ಹಾಗೇ ಕಣೇ. ಬೇಕಾದಾಗ ಬಾ, ಬೇಡವಾದಾಗ ಹೋಗು. ನಮ್ಮವರು ನಮಗೆ, ಅವರವರು ಅವರಿಗೆ. ನಿನಗೆ ಮೊದಲೇ ಬುದ್ಧಿ ಹೇಳಲಿಲ್ವಾ ನಾನು?” ಎಂದಿರಿ.

ಎಷ್ಟೋ ತಿಂಗಳಾದ ಮೇಲೆ, ಪಾತ್ರೆ ತೊಳೆಯುವ ಜಗಳದಲ್ಲಿ ಲೋರ್ನಾಳ ಬಾಯಿಂದ ನಿಜ ಬಿತ್ತು. “ಧೂಪ ಬಂದ್ರೆ ಎದ್ದು ಹೋಗಿ ಅಂತ ಅರ್ಥ ಕಣೇ ಪೆದ್ದಿ. ಇಡೀ ಊರಿಗೆ ಗೊತ್ತು. ನೀನು ಅಲ್ಲೇ ಠಿಕಾಣಿ ಹೂಡಿದ್ದೆ, ಪಾಪ ಅವರು ಎಷ್ಟು ಶುಕ್ರವಾರ ಸಹಿಸ್ಕೊಂಡ್ರೋ” ಎಂದಳು. ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಮ್ಮನ್ನು ಕೇಳಿದೆ. ನೀವು ಒಂದಿಷ್ಟೂ ಅಳುಕದೆ, “ನನಗೆ ಯಾರು ಹೇಳಿಕೊಟ್ರು? ಹನ್ನೆರಡು ವರ್ಷದ ಹಿಂದೆ ನನ್ನನ್ನೂ ಹಿಂಗೇ ಕೂರಿಸಿದ್ರು. ಹೊಸಬರಿಗೆ ಇದೊಂದು ತಮಾಷೆ ಅಷ್ಟೆ. ನಾನೂ ಬದುಕಲಿಲ್ವಾ?” ಎಂದಿರಿ. ನಿಮಗೆ ಮಾಡಿದವರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡಿರಿ. ಹಾಳಾಗಲಿ, ಅದನ್ನೂ ನುಂಗಿಕೊಂಡೆ. ನನ್ನ ದಡ್ಡತನದಿಂದಲೇ ಆ ಬಾಗಿಲು ಮುಚ್ಚಿತು ಎಂದು ನಂಬಿ, ಮೇಲಿನ ಮೆಟ್ಟಿಲ ಕಡೆ ತಲೆ ಎತ್ತಿಯೂ ನೋಡದೆ ಒಂದು ವರ್ಷ ಕಳೆದೆ.

ಬೀಬಿ ಹೋದ ಸುದ್ದಿ ಬಂದಾಗ ನೀವಿರಲಿಲ್ಲ, ಹಾಗಾಗಿ ಹೋಗಬೇಡ ಎನ್ನುವವರೂ ಇರಲಿಲ್ಲ. ಕಪ್ಪು ಬಟ್ಟೆ ಹಾಕಿ, ಚಪ್ಪಲಿಗಳ ರಾಶಿ ದಾಟಿ ಒಳಗೆ ಹೋದೆ. ನಮ್ಮ ಕಡೆ ಸಾವಿನ ಮನೆ ಎಂದರೆ ಇಸ್ಪೀಟು, ಬಿಸ್ಕತ್ತು, ಗಲಾಟೆ. ಇಲ್ಲಿ ಹೆಂಗಸರು ಗೋಡೆಯುದ್ದಕ್ಕೂ ಸುಮ್ಮನೆ ಕುಳಿತಿದ್ದರು. ಒಂದು ಬಟ್ಟಲು ಕಾಫಿ ಕುಡಿದು, ಮತ್ತೆ ಹೆಚ್ಚು ಹೊತ್ತು ಕುಳಿತ ಅಪವಾದ ಬೇಡವೆಂದು ತಕ್ಷಣ ಎದ್ದೆ. ಝುವೈನಾ ನನ್ನ ಮಣಿಕಟ್ಟು ಹಿಡಿದಳು.

“ಎಲ್ಲಿಗೆ ಹೊರಟೆ? ಧೂಪ ಬಂದಾಗಲೇ ಏಳದವಳು ಈಗ ಏಳ್ತೀಯಾ?” ಎಂದಳು.

ಗೊತ್ತಿಲ್ಲದೆ ಆದದ್ದು, ಕ್ಷಮಿಸಿ ಎಂದು ತೊದಲಿದೆ. ಅವಳಿಗೆ ಅರ್ಥವಾಗಲಿಲ್ಲ. “ಕ್ಷಮಿಸೋದಾ? ಮೊದಲ ದಿನ ನೀನು ಇಳಿದು ಹೋದ ಮೇಲೆ ಅಮ್ಮ ಏನಂದ್ಲು ಗೊತ್ತಾ? ಧೂಪ ಬಂದ ಮೇಲೆ ಏಳೋರು ನೆಂಟರು, ಕೂತವಳು ಮನೆಮಗಳು ಅಂದ್ಲು. ಸಾಯೋ ತನಕ ಅದನ್ನೇ ಹೇಳಿ ನಗ್ತಿದ್ಲು.”

ಹಾಗಾದರೆ ಯಾಕೆ ಕರೆಯುವುದನ್ನು ಬಿಟ್ಟಿರಿ ಎಂದು ಕೇಳಿದೆ. ಆಗ ಹೇಳಿದಳು. ನೀರಿನ ಟ್ಯಾಂಕಿನ ವಿಷಯಕ್ಕೆಂದು ನೀವು ಮೇಲೆ ಹೋದಿರಂತೆ. ಅವರದೇ ಕಾಫಿ ಕುಡಿಯುತ್ತ, “ಆರ್ಲೀನ್ ಬಾಯಿಬಿಟ್ಟು ಹೇಳಲ್ಲ, ನಾನೇ ಹೇಳ್ತೀನಿ. ಮನೆಯೊಡತಿ ಅಂತ ಹೆದರಿ ಬರ್ತಾಳೆ ಅಷ್ಟೆ. ಟೀಚರಾಗಿ ಬಂದವಳನ್ನ ಕೆಲಸದವಳ ಥರ ಕಾಯಿ ತುರಿಯೋಕೆ ಕೂರಿಸ್ತಾರೆ ಅಂತ ಕೆಳಗೆ ಬಂದು ಅಳ್ತಾಳೆ” ಎಂದಿರಂತೆ. ಅವತ್ತೇ ಬೀಬಿ ಆ ಮಣೆಯನ್ನು ಅಟ್ಟಕ್ಕೆ ಹಾಕಿಸಿದರಂತೆ. “ಪರದೇಶದ ಹುಡುಗಿಗೆ ಅವಮಾನ ಮಾಡಿಬಿಟ್ಟೆ, ಯಾವ ಮುಖ ಇಟ್ಕೊಂಡು ಕರೀಲಿ” ಎಂದರಂತೆ. ಸಂತೆಯಲ್ಲಿ ಮುಖ ತಿರುಗಿಸಿದ್ದು ಸಿಟ್ಟಿನಿಂದಲ್ಲ ಮನಾಂಗ್, ನಾಚಿಕೆಯಿಂದ. ನಾನು ಅವರಿಗೆ ಹೆದರಿಕೊಂಡೆ, ಅವರು ನನಗೆ ನಾಚಿಕೊಂಡರು, ನಡುವೆ ನೀವು ತಣ್ಣಗೆ ಉಗುರಿಗೆ ಬಣ್ಣ ಹಚ್ಚಿಕೊಂಡಿರಿ.

ಸಾವಿನ ಮನೆಯಿಂದ ನೇರ ಮನೆಗೆ ಹೋಗಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದಕ್ಕೆ ಕೆಳಗಿನ ಚಹಾದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಅತ್ತೆ. ಆಮೇಲೆ ಅಳು ನಿಂತು ಸಿಟ್ಟು ಬಂತು, ಅದಿನ್ನೂ ಇಳಿದಿಲ್ಲ. ಹೊಟ್ಟೆಕಿಚ್ಚು ಪಡಲು ನಿಮಗೆ ಸಿಕ್ಕಿದ್ದು ಏನು? ಒಬ್ಬ ಮುದುಕಿ, ಒಂದು ತೆಂಗಿನಕಾಯಿ. ಹನ್ನೆರಡು ವರ್ಷದಲ್ಲಿ ನಿಮ್ಮನ್ನು ಯಾರೂ ಅಡುಗೆಮನೆಯವರೆಗೆ ಕರೆದೊಯ್ಯಲಿಲ್ಲ ಎಂದರೆ ಅದು ನನ್ನ ತಪ್ಪೇ? ಉಂಡ ಮನೆಯ ಗಳ ಎಣಿಸುವವರನ್ನು ಕಂಡಿದ್ದೆ. ಉಂಡ ಮನೆಯ ತಾಯಿ ಮಗಳನ್ನೇ ಅಗಲಿಸಿದವರನ್ನು ನಿಮ್ಮಲ್ಲಿ ಕಂಡೆ.

ತಮಾಷೆಯನ್ನು ಕ್ಷಮಿಸಿದ್ದೆ. ಇದನ್ನು ಕ್ಷಮಿಸುವುದಿಲ್ಲ. ತಪ್ಪಾಯಿತು ಎಂದು ನೀವು ಯಾರಿಗೆ ಹೇಳಬೇಕೋ ಅವರು ಮಣ್ಣಿನಲ್ಲಿದ್ದಾರೆ, ಅವರ ಪರವಾಗಿ ಕ್ಷಮಿಸುವ ಹಕ್ಕು ನನಗೆ ಇಲ್ಲ.

ಬರುವ ವಾರ ಊರಿನಿಂದ ಇಬ್ಬರು ಹೊಸ ಟೀಚರುಗಳನ್ನು ಕರೆದುಕೊಂಡು ಬರುತ್ತಿದ್ದೀರಂತೆ. ಆ ಹುಡುಗಿಯರಿಗೆ ನಾನು ಆಗಲೇ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಧೂಪ ಬಂದಾಗ ಏಳಬೇಕು ಎಂದೂ, ಯಾರಾದರೂ ಕೈ ಹಿಡಿದು ಕೂರಿಸಿದರೆ ಕೂರಬೇಕು ಎಂದೂ. ಆಡಿಸಲು ನಿಮಗೆ ಇನ್ನು ಗೊಂಬೆಗಳಿಲ್ಲ.

ನನ್ನ ಮಂಚ ಖಾಲಿ ಮಾಡಿದ್ದೇನೆ. ಝುವೈನಾ ಅಟ್ಟದಿಂದ ಆ ಮಣೆ ಇಳಿಸಿ, ತೊಳೆದು, ನನ್ನ ಕೈಗೆ ಕೊಟ್ಟಳು. ಅದನ್ನು ಇಟ್ಟುಕೊಂಡು ಸಂತೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಮಾಡಿದ್ದೇನೆ. ವಿಳಾಸ ಲೋರ್ನಾಗೆ ಗೊತ್ತು. ಬರಬೇಡಿ ಎನ್ನುವುದಿಲ್ಲ, ಈ ಊರಿನಲ್ಲಿ ಬಾಗಿಲಿಗೆ ಬಂದವರನ್ನು ಅಟ್ಟುವುದಿಲ್ಲ. ಒಳಗೆ ಕರೆದು ಚಾಪೆ ಹಾಕುತ್ತೇನೆ. ಖರ್ಜೂರ ಇಡುವುದಿಲ್ಲ, ಕಾಫಿ ಕಾಯಿಸುವುದಿಲ್ಲ. ಮೊದಲು ಧೂಪವನ್ನೇ ತರುತ್ತೇನೆ.

ದೇವರು ನಿಮ್ಮನ್ನು ಚೆನ್ನಾಗಿಡಲಿ, ನನ್ನಿಂದ ದೂರ ಇಡಲಿ.

ಬೀಬಿ ಗನೀಮಾರ ಮನೆಮಗಳು,
ಆರ್ಲೀನ್